ಕೊನೆಯ ಪುಟದಿಂದ ಮೊದಲ ಪುಟಕ್ಕೆ: ಸಿಬೇಲಿಯಸ್‌ನ ಐದನೆಯ ಸಿಂಫನಿಯನ್ನು ನಾವು ಮುಗಿಸಿದ ಬಗೆ

ಹವ್ಯಾಸಿ ಆರ್ಕೆಸ್ಟ್ರಾಗಳಲ್ಲಿ ಸಿಂಫನಿಯ ಅಂತ್ಯ ಕೆಡುವುದಕ್ಕೆ ವಾದಕರ ಯೋಗ್ಯತೆಗಿಂತ ಗೋಡೆಯ ಮೇಲಿನ ಗಡಿಯಾರವೇ ಹೆಚ್ಚು ಕಾರಣ ಎಂದು ನಾನು ವರ್ಷಗಟ್ಟಲೆ ವಾದಿಸುತ್ತ ಬಂದಿದ್ದೇನೆ. ಸಂಜೆ ಏಳೂವರೆಗೆ ಮೊದಲನೆಯ ಚಲನೆಯಿಂದ, ಅಂದರೆ ಸಿಂಫನಿಯ ಮೊದಲ ಭಾಗದಿಂದ, ಶುರುಮಾಡಿದರೆ ಕೊನೆಯ ಚಲನೆಗೆ ಬರುವಷ್ಟರಲ್ಲಿ ಒಂಬತ್ತೂಕಾಲು ಆಗಿರುತ್ತದೆ. ಟ್ರಂಪೆಟ್ಟಿನವರ ತುಟಿ ಸೋತಿರುತ್ತದೆ, ಮರುದಿನ ಬೆಳಗಿನ ಪಾಳಿಯಿರುವ ನರ್ಸೊಬ್ಬರು ಪಿಟೀಲನ್ನು ಪೆಟ್ಟಿಗೆಗೆ ಇಳಿಸತೊಡಗಿರುತ್ತಾರೆ. ಕೇಳುಗರು ಮನೆಗೆ ಹೊತ್ತೊಯ್ಯುವ ಕೊನೆಯ ಮೂರು ನಿಮಿಷಕ್ಕೆ ಹೀಗೆ ಇಡೀ ಸೀಸನ್ನಿನಲ್ಲಿ ಸಿಗುವುದು ಅರ್ಧ ಗಂಟೆಯ ಅಭ್ಯಾಸ ಮಾತ್ರ. ಆದ್ದರಿಂದ ಈ ಸಲ ಫಿನ್‌ಲ್ಯಾಂಡಿನ ಸಿಬೇಲಿಯಸ್‌ನ ಐದನೆಯ ಸಿಂಫನಿಯನ್ನು ಎತ್ತಿಕೊಂಡಾಗ ಕಂಡಕ್ಟರಾದ ನಾನು ಕೊನೆಯ ಪುಟವನ್ನೇ ಮೊದಲು ತೆಗೆಸಿದೆ. ಪಿಟೀಲಿನ ಸಾಲಿಗೆ ಮುಖ್ಯಸ್ಥರಾದ ನಮ್ಮ ಕನ್ಸರ್ಟ್‌ಮಾಸ್ಟರ್ ತಲೆಯಾಡಿಸಿದರು, ಖಜಾಂಚಿ ಬಾಯಿಬಿಟ್ಟೇ ಬೇಡವೆಂದರು. ನ್ಯೂಜೆರ್ಸಿಯಲ್ಲಿ ಇಂಥದೇ ಆರ್ಕೆಸ್ಟ್ರಾದಲ್ಲಿ ವಿಯೋಲಾ ನುಡಿಸುವ ಮೈಸೂರಿನ ಗೆಳೆಯರಂತೂ ಫೋನಿನಲ್ಲಿ, “ಪಾಯ ತೋಡುವ ಮೊದಲೇ ಕಳಶ ಇಡುತ್ತೀರಲ್ಲ ಸ್ವಾಮಿ” ಎಂದು ನಕ್ಕರು. ಕಛೇರಿ ಮುಗಿದ ಮೇಲೆ ಅವರೇ ಫೋನ್ ಮಾಡಿ ವಿಧಾನವನ್ನು ಬರೆದು ಕಳಿಸಿ ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಅಮೆರಿಕದ ಮಧ್ಯಪಶ್ಚಿಮದ ಒಂದು ಸಣ್ಣ ಊರಿನ ಕಮ್ಯೂನಿಟಿ ಆರ್ಕೆಸ್ಟ್ರಾ. ಸುಮಾರು ಅರವತ್ತು ವಾದಕರು, ವಾರಕ್ಕೊಂದು ಸಂಜೆ, ಶಾಲೆಯೊಂದರ ಬ್ಯಾಂಡ್ ಕೊಠಡಿ. ವರ್ಷದ ಬಜೆಟ್ ಇಪ್ಪತ್ತು ಸಾವಿರ ಡಾಲರಿನ ಆಸುಪಾಸು. ಅದರಲ್ಲಿ ಅರ್ಧದಷ್ಟು ಸಭಾಂಗಣದ ಬಾಡಿಗೆಗೂ ವಿಮೆಗೂ ಹೋಗುತ್ತದೆ. ಹೀಗಿರುವಾಗ ಕೃತಿಯ ಆಯ್ಕೆಯೆಂದರೆ ಮೊದಲು ಹಣದ ಲೆಕ್ಕ, ಆಮೇಲೆ ಸಂಗೀತ. ಭವ್ಯವಾದ ಅಂತ್ಯ ಬೇಕೆಂದರೆ ಎಲ್ಲರೂ ಮಾಲರ್‌ನ ಎರಡನೆಯ ಸಿಂಫನಿಯನ್ನು ಹೇಳುತ್ತಾರೆ. ಗಾಯಕವೃಂದ, ಆರ್ಗನ್, ವೇದಿಕೆಯಾಚೆ ನಿಲ್ಲುವ ಇನ್ನೊಂದು ಹಿತ್ತಾಳೆಯ ತಂಡ, ಇವನ್ನೆಲ್ಲ ಕೂಡಿಸಿದರೆ ನಮ್ಮ ಎರಡು ವರ್ಷದ ಹಣ ಒಂದು ಸಂಜೆಗೆ ಮುಗಿಯುತ್ತದೆ. ಬ್ರುಕ್ನರ್‌ನ ಎಂಟನೆಯದರ ಕೋಡಾದಲ್ಲಿ, ಅಂದರೆ ಮುಕ್ತಾಯದ ಭಾಗದಲ್ಲಿ, ನಾಲ್ಕೂ ಚಲನೆಗಳ ಮುಖ್ಯ ವಸ್ತುಗಳು (ಥೀಮುಗಳು) ಒಂದರ ಮೇಲೊಂದು ಕೂರುತ್ತವೆ, ಅದಕ್ಕೆ ಸಮನಾದ ಕಟ್ಟಡ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದಕ್ಕೆ ಎಂಟು ಹಾರ್ನ್ ಬೇಕು, ಅವರಲ್ಲಿ ನಾಲ್ವರು ನಡುನಡುವೆ ವ್ಯಾಗ್ನರ್ ಟ್ಯೂಬಾ ಹಿಡಿಯಬೇಕು. ನಮ್ಮ ಹಾರ್ನಿನವರಲ್ಲಿ ವ್ಯಾಗ್ನರ್ ಟ್ಯೂಬಾವನ್ನು ಕೈಯಿಂದ ಮುಟ್ಟಿದವರು ಒಬ್ಬರೂ ಇಲ್ಲ.

ಶೋಸ್ತಕೋವಿಚ್‌ನ ಐದನೆಯದು ಕೈಗೆಟುಕುವಂತೆ ಕಾಣುತ್ತದೆ. ತಂತಿವಾದ್ಯಗಳು ಒಂದೇ ‘ಎ’ ಸ್ವರವನ್ನು 252 ಬಾರಿ ಉಜ್ಜುವ ಆ ಅಂತ್ಯವನ್ನು ನುಡಿಸಲು ನನ್ನ ಕೈ ಇಂದಿಗೂ ತುರಿಸುತ್ತದೆ. ಅಲ್ಲಿ ಅಡ್ಡಬಂದದ್ದು ಕಾನೂನು. ರಷ್ಯದ ಎಷ್ಟೋ ಕೃತಿಗಳು ಅಮೆರಿಕದಲ್ಲಿ ಒಮ್ಮೆ ಎಲ್ಲರ ಸೊತ್ತಾಗಿದ್ದವು. 1994ರ ಕಾಯಿದೆ ಅವುಗಳಿಗೆ ಮತ್ತೆ ಹಕ್ಕುಸ್ವಾಮ್ಯ ತಂದುಕೊಟ್ಟಿತು, ಲಾರೆನ್ಸ್ ಗೋಲನ್ ಎಂಬ ಕಂಡಕ್ಟರ್ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ತನಕ ಹೋಗಿ 2012ರಲ್ಲಿ ಸೋತರು. ಹಾಗಾಗಿ ಅದರ ಪಾರ್ಟುಗಳನ್ನು, ಅಂದರೆ ಒಂದೊಂದು ವಾದ್ಯದ ಸ್ವರಪುಟಗಳನ್ನು, ಬಾಡಿಗೆಗೆ ತರಬೇಕು, ಬಾಡಿಗೆಯ ಪುಟಗಳ ಮೇಲೆ ಬರೆದದ್ದನ್ನೆಲ್ಲ ಅಳಿಸಿ ಹಿಂದಿರುಗಿಸಬೇಕು. ನನ್ನ ವಿಧಾನವೆಲ್ಲ ನಿಂತಿರುವುದೇ ಪೆನ್ಸಿಲ್ಲಿನ ಮೇಲೆ. ಸಿಬೇಲಿಯಸ್‌ನ ಐದನೆಯದಾದರೋ 1921ರಲ್ಲಿ ಅಚ್ಚಾದದ್ದು, ಅಮೆರಿಕದಲ್ಲಿ ಮುಕ್ತ. ಇಡೀ ಸೆಟ್ಟಿಗೆ ಮುನ್ನೂರು ಡಾಲರ್ ಚಿಲ್ಲರೆ ಕೊಟ್ಟು ಸ್ವಂತಕ್ಕೆ ಕೊಂಡೆವು. ಟ್ಯೂಬಾ ಇಲ್ಲ, ಹಾರ್ಪ್ ಇಲ್ಲ, ಝಲ್ಲರಿ ಇಲ್ಲ, ತಾಳವಾದ್ಯವೆಂದರೆ ಟಿಂಪನಿಯೊಂದೇ. ಕೊಟ್ಟ ಹಣಕ್ಕೆ ಇಷ್ಟು ದೊಡ್ಡ ಅಂತ್ಯ ಕೊಡುವ ಸಿಂಫನಿ ನನಗೆ ತಿಳಿದಂತೆ ಬೇರೊಂದಿಲ್ಲ.

ಆ ಅಂತ್ಯವೂ ಕರ್ತೃವಿಗೆ ಸುಲಭಕ್ಕೆ ಒಲಿದದ್ದಲ್ಲ. 1915ರ ಡಿಸೆಂಬರ್ 8ರಂದು, ತನ್ನ ಐವತ್ತನೆಯ ಹುಟ್ಟುಹಬ್ಬದ ದಿನ, ಹೆಲ್ಸಿಂಕಿಯಲ್ಲಿ ಸಿಬೇಲಿಯಸ್ ತಾನೇ ನಡೆಸಿಕೊಟ್ಟ ಮೊದಲ ರೂಪದಲ್ಲಿ ಕೊನೆಯ ಸ್ವರಮೇಳಗಳ ಅಡಿಯಲ್ಲಿ ತಂತಿವಾದ್ಯಗಳ ಟ್ರೆಮೊಲೊ ಎಡೆಬಿಡದೆ ನಡುಗುತ್ತಿತ್ತು. 1916ರಲ್ಲಿ ಒಮ್ಮೆ ತಿದ್ದಿ, 1919ರಲ್ಲಿ ಮತ್ತೆ ತಿದ್ದಿದ ರೂಪವೇ ಇಂದು ನಾವೆಲ್ಲ ನುಡಿಸುವುದು. ಅದರಲ್ಲಿ ಆ ನಡುಕವಿಲ್ಲ. ಆರು ಹೊಡೆತಗಳು, ನಡುವೆ ಬರೀ ಮೌನ. ಮೊದಲ ರೂಪದ ಧ್ವನಿಮುದ್ರಣ ಕೇಳಿದವರಿಗೆ ವ್ಯತ್ಯಾಸ ಗೊತ್ತು. ಅಲ್ಲಿ ಟ್ರೆಮೊಲೊ ವಾದಕರನ್ನು ಕೈಹಿಡಿದು ದಾಟಿಸುತ್ತದೆ, ಇಲ್ಲಿ ಅರವತ್ತು ಜನ ಏನೂ ಆಧಾರವಿಲ್ಲದೆ ಒಟ್ಟಿಗೆ ಇಳಿಯಬೇಕು.

ಈಗ ವಿಧಾನಕ್ಕೆ ಬರುತ್ತೇನೆ. ಮೊದಲ ಸಂಜೆ ಟ್ಯೂನಿಂಗ್ ಆದೊಡನೆ ತೆಗೆದದ್ದು ಕೊನೆಯ ಎರಡು ಪುಟ. ಎರಡನೆಯ ವಾರ ಅದರ ಹಿಂದಿನ ಭಾಗ, ಮೂರನೆಯ ವಾರ ಅದಕ್ಕೂ ಹಿಂದಿನದು; ಯಾವ ಭಾಗವನ್ನು ಎತ್ತಿಕೊಂಡರೂ ಅಲ್ಲಿಂದ ಕೊನೆಯವರೆಗೆ ನುಡಿಸಿಯೇ ನಿಲ್ಲಿಸಬೇಕೆಂಬುದು ಕಟ್ಟಳೆ. ಹೀಗೆ ಮಾಡಿದಾಗ ವಾದಕರು ಹೋಗುವುದು ಗೊತ್ತಿಲ್ಲದ ಕಡೆಯಿಂದ ಗೊತ್ತಿರುವ ಕಡೆಗೆ. ಮುಂದೆ ಹೋದಷ್ಟೂ ಧೈರ್ಯ ಹೆಚ್ಚುತ್ತದೆ. ಸಾಮಾನ್ಯ ಕ್ರಮದಲ್ಲಿ ಇದು ತಿರುಗುಮುರುಗು: ಮೊದಲನೆಯ ಚಲನೆ ಕಂಠಪಾಠ, ಕೊನೆಯದು ಕತ್ತಲೆ. ನಾಲ್ಕೈದು ವಾರಗಳ ತನಕ ಮೊದಲನೆಯ ಚಲನೆಯ ಒಂದು ಬಾರನ್ನೂ (ತಾಳದ ಒಂದು ಆವರ್ತವನ್ನೂ) ನಾವು ಮುಟ್ಟಲಿಲ್ಲ. ಸಮಿತಿಯವರು ಗಾಬರಿಯಾದದ್ದು ಆಗಲೇ. ಬಸೂನಿನವರೊಬ್ಬರು ತಮಗೆ ಕೆಲಸವೇ ಇಲ್ಲವೆಂದು ಎರಡು ಸಂಜೆ ಬರಲೇ ಇಲ್ಲ.

ಎರಡನೆಯ ಕೆಲಸ ಸದ್ದಿನ ಉಳಿತಾಯ. ಹವ್ಯಾಸಿಗಳಿಗೆ ಎಫ್, ಅಂದರೆ ‘ಜೋರಾಗಿ’ ಎಂಬ ಗುರುತು, ಕಂಡರೆ ಸಾಕು, ಇದ್ದದ್ದನ್ನೆಲ್ಲ ಖರ್ಚುಮಾಡಿ ಬಿಡುತ್ತಾರೆ. ಕೊನೆಯಲ್ಲಿ ಎರಡು ಎಫ್ ಬಂದಾಗ ಕೊಡಲು ಏನೂ ಉಳಿದಿರುವುದಿಲ್ಲ. ಕೊನೆಯ ಚಲನೆಯ ಮುಖ್ಯ ಥೀಮಾದ, ಹಂಸಗಳದ್ದೆಂದು ಹೆಸರಾದ ವಸ್ತುವನ್ನು ಹಾರ್ನುಗಳು ಮೊದಲ ಸಲ ತೂಗುವ ಜಾಗದಲ್ಲಿ ನಾನು ಪ್ರತಿಯೊಂದು ಪಾರ್ಟಿನಲ್ಲೂ ಒಂದು ಮೆಟ್ಟಿಲು ಇಳಿಸಿ ಬರೆದೆ, ಟ್ರೊಂಬೋನುಗಳಿಗೆ ಎರಡು ಮೆಟ್ಟಿಲು. ಅದೇ ವಸ್ತು ಕೊನೆಯಲ್ಲಿ ಟ್ರಂಪೆಟ್ಟುಗಳಿಗೆ ಬಂದಾಗ ಮಾತ್ರ ಅಚ್ಚಾದದ್ದನ್ನು ಅಚ್ಚಾದಂತೆ ನುಡಿಸಲು ಬಿಟ್ಟೆ. ಜೊತೆಗೆ ಮೊದಲ ಹಾರ್ನಿನವರ ತುಟಿ ಕಾಯುವುದಕ್ಕೆ ಐದನೆಯ ಹಾರ್ನೊಂದನ್ನು ಹಣ ಕೊಟ್ಟು ಕರೆಸಿದೆವು; ಎರಡು ರಿಹರ್ಸಲ್ ಮತ್ತು ಕಛೇರಿಗೆ ಸೇರಿ ನಾನೂರೈವತ್ತು ಡಾಲರಿನಷ್ಟಾಯಿತು. ಖಜಾಂಚಿಯವರು ಅದನ್ನು ದಂಡವೆಂದು ಬರೆದುಕೊಂಡರು, ನಾನು ಅದನ್ನೇ ಆ ವರ್ಷದ ಅತ್ಯುತ್ತಮ ಖರ್ಚು ಎನ್ನುತ್ತೇನೆ. ಡಬಲ್ ಬಾಸಿನವರ ಕೊನೆಯ ಪುಟದಲ್ಲೂ ನಾನು ಎರಡು ಗುರುತು ಹಾಕಿದ್ದೇನೆ. ಅವು ಏನೆಂದು ಇಲ್ಲಿ ಹೇಳುವುದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ, ಅವು ಸದ್ದಿಗೆ ಸಂಬಂಧಿಸಿದವಲ್ಲ, ತಂತಿ ಉಜ್ಜುವ ಬಿಲ್ಲಿಗೆ ಸಂಬಂಧಿಸಿದವು.

ಮೂರನೆಯದು ಮೌನ, ನಿಜವಾದ ಕಷ್ಟ ಇರುವುದೇ ಅಲ್ಲಿ. ಆರು ಹೊಡೆತಗಳ ನಡುವೆ ಹವ್ಯಾಸಿ ವಾದಕರಿಗೆ ಎರಡು ರೋಗ: ಅರ್ಧದಷ್ಟು ಜನ ಹೆದರಿ ಬೇಗ ಬೀಳುತ್ತಾರೆ, ಉಳಿದರ್ಧ ಬೀಳುವವರನ್ನು ನೋಡಿಕೊಂಡು ತಡವಾಗಿ ಬೀಳುತ್ತಾರೆ. ಕೋಲನ್ನು ಎಷ್ಟು ಸ್ಪಷ್ಟವಾಗಿ ಬೀಸಿದರೂ ಪ್ರಯೋಜನವಾಗಲಿಲ್ಲ. ಸಣ್ಣ ಬೀಸಿಗೆ ಹಿಂದಿನ ಸಾಲು ಕಾಣದು, ದೊಡ್ಡ ಬೀಸಿಗೆ ಮುಂದಿನ ಸಾಲು ಮುನ್ನುಗ್ಗುತ್ತದೆ. ಕೊನೆಗೆ ನನಗೆ ನೆರವಾದದ್ದು ಮೈಸೂರಿನಲ್ಲಿ ಹುಡುಗನಾಗಿದ್ದಾಗ ಕಲಿತ ಮೃದಂಗ. ಮುಕ್ತಾಯದ ಕಾರ್ವೆಗಳನ್ನು, ಅಂದರೆ ಹೊಡೆತಗಳ ನಡುವಿನ ವಿರಾಮಗಳನ್ನು, ನಾವು ಖಾಲಿ ಜಾಗವೆಂದು ಬಿಡುತ್ತೇವೆಯೆ? ಅದರೊಳಗೂ ಜತಿ ಓಡುತ್ತಲೇ ಇರುತ್ತದೆ, ಬೆರಳು ಸುಮ್ಮನಿದ್ದರೂ ನಾಲಿಗೆ ಸುಮ್ಮನಿರುವುದಿಲ್ಲ. ಹಾಗಾಗಿ ಒಂದು ಸಂಜೆ ಎಲ್ಲರೂ ವಾದ್ಯಗಳನ್ನು ಮಡಿಲಲ್ಲಿಟ್ಟುಕೊಂಡು ಕೊನೆಯ ಪುಟವನ್ನು ಬಾಯಲ್ಲಿ ಹೇಳುವಂತೆ ಮಾಡಿದೆ: ಹೊಡೆತಕ್ಕೆ ಒಂದು ‘ತಾಂ’, ಮೌನದಲ್ಲಿ ‘ತಕದಿಮಿ ತಕಜಣು’ ಪಿಸುಮಾತಿನಲ್ಲಿ. ದಂತವೈದ್ಯರೊಬ್ಬರು, ಶಾಲಾ ಬಸ್ಸಿನ ಚಾಲಕರೊಬ್ಬರು, ನಿವೃತ್ತ ನ್ಯಾಯಾಧೀಶರೊಬ್ಬರು ‘ತಕಜಣು’ ಎನ್ನುವುದನ್ನು ನೋಡಿ ಕನ್ಸರ್ಟ್‌ಮಾಸ್ಟರ್ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಮುಂದಿನ ವಾರ ಪಿಸುಮಾತನ್ನು ನಿಲ್ಲಿಸಿ ಮನಸ್ಸಿನಲ್ಲೇ ಹೇಳಿಕೊಳ್ಳಲು ಹೇಳಿದೆ. ಆರೂ ಹೊಡೆತ ಒಂದೇ ಕೈ ಹೊಡೆದಂತೆ ಬಿದ್ದವು. ಆಗ ಅದೇ ಕನ್ಸರ್ಟ್‌ಮಾಸ್ಟರ್, “ಇನ್ನೊಮ್ಮೆ ತೆಗೆದುಕೊಳ್ಳೋಣ” ಎಂದರು.

ಈ ಮೌನಗಳನ್ನು ಹಿಗ್ಗಿಸಬೇಕೆಂಬ ಚಟ ದೊಡ್ಡ ಕಂಡಕ್ಟರುಗಳಲ್ಲೂ ಇದೆ. ಸ್ಕೋರನ್ನು ನೋಡಿದರೆ ‘ಲಾರ್ಗಮೆಂಟೆ ಅಸ್ಸಾಯಿ’ (ಬಲು ವಿಶಾಲವಾಗಿ) ಆದ ಮೇಲೆ ‘ಉನ್ ಪೊಕೆಟ್ಟೀನೊ ಸ್ಟ್ರೆಟ್ಟೊ’ ಎಂದಿದೆ, ಅಂದರೆ ತುಸು ಬಿಗಿ ಮಾಡಿ ಎಂದು. ಕೊನೆಯ ಹೊಡೆತಗಳಿಗೆ ಶಕ್ತಿ ಬರುವುದು ಅವು ತಾಳದೊಳಗೇ ಇರುವುದರಿಂದ. ತಾಳ ತಪ್ಪಿಸಿ ನಾಟಕೀಯವಾಗಿ ಕಾದರೆ ಕೇಳುಗ ಮುಗಿಯಿತೆಂದು ತಿಳಿದು ಎರಡನೆಯದಕ್ಕೇ ಚಪ್ಪಾಳೆ ತಟ್ಟುತ್ತಾನೆ. ಕಂಡಕ್ಟರ್ ಕರಾಯನ್ 1950ರ ದಶಕದ ಮೊದಲಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದೊಂದಿಗೆ ಮಾಡಿದ ಮುದ್ರಣವನ್ನು ನಾನು ಈ ಪುಟಕ್ಕಾಗಿ ಮತ್ತೆ ಮತ್ತೆ ಹಾಕಿ ಕೇಳಿದ್ದೇನೆ. ಆ ಆರ್ಕೆಸ್ಟ್ರಾಕ್ಕೆ ಆ ದಿನಗಳಲ್ಲಿ ಹಣ ಒದಗಿಸಿದವರಲ್ಲಿ ನಮ್ಮ ಜಯಚಾಮರಾಜ ಒಡೆಯರ್ ಅವರೂ ಒಬ್ಬರು, ಅದರ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರೂ ಹೌದು ಎಂಬುದನ್ನು ನೆನೆದಾಗ ಮೈಸೂರಿನವನಾದ ನನಗೆ ಒಳಗೊಳಗೇ ಹೆಮ್ಮೆಯಾಗುತ್ತದೆ.

ಹಿಂದಿನ ವರ್ಷಗಳ ಸೋಲುಗಳನ್ನೂ ಹೇಳಬೇಕು, ಏಕೆಂದರೆ ವಿಧಾನ ಹುಟ್ಟಿದ್ದು ಅವುಗಳಿಂದಲೇ. ಚೈಕೋವ್‌ಸ್ಕಿಯ ಐದನೆಯದರಲ್ಲಿ ಕೋಡಾಕ್ಕೆ ಮುಂಚೆ ಬರುವ ಆ ದೊಡ್ಡ ನಿಲುಗಡೆಯಲ್ಲಿ ನಮ್ಮ ಸಭಾಂಗಣದ ಬಾಲ್ಕನಿಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಗದ್ದಲದಲ್ಲಿ ಮುಂದಿನ ಮೆರವಣಿಗೆಯ ಮೊದಲ ಬಾರುಗಳು ಯಾರಿಗೂ ಕೇಳಿಸಲಿಲ್ಲ. ದ್ವೊರ್ಜಾಕ್‌ನ ಒಂಬತ್ತನೆಯದು ಅಬ್ಬರದಿಂದ ಮುಗಿಯುತ್ತದೆಂದು ನೆನಪಿಟ್ಟುಕೊಂಡವರು ಕೊನೆಯ ಬಾರನ್ನು ಮರೆತಿರುತ್ತಾರೆ. ಅಲ್ಲಿ ಗಾಳಿವಾದ್ಯಗಳು ಮಾತ್ರ ಉಳಿದು ಕರಗಿಹೋಗಬೇಕು. ನಮ್ಮಲ್ಲಿ ಕರಗಿದ್ದು ಶ್ರುತಿ. ಸೇಂಟ್-ಸಾನ್ಸ್‌ನ ಮೂರನೆಯದಕ್ಕೆ, ಅಂದರೆ 1886ರ ಆರ್ಗನ್ ಸಿಂಫನಿಗೆ, ಡಿಜಿಟಲ್ ಆರ್ಗನ್ನನ್ನೂ ಎರಡು ಸಬ್‌ವೂಫರುಗಳನ್ನೂ ಬಾಡಿಗೆಗೆ ತಂದು ಒಂಬೈನೂರು ಡಾಲರಿನಷ್ಟು ಕಳೆದದ್ದು ಇನ್ನೊಂದು ಕಥೆ. ಪೆಡಲಿನ ಕೆಳಸ್ವರಕ್ಕೆ ಸಭಾಂಗಣದ ಚಾವಣಿಯ ತಗಡಿನ ನಾಳವೊಂದು ತಾನೂ ದನಿಗೂಡಿಸಿತು. ಹಾಗಿದ್ದೂ ಆ ಪ್ರಯೋಗದಿಂದ ಒಂದು ಲಾಭವಾಯಿತು. ಸದ್ದು ಎಲ್ಲಿಂದ ಬರುತ್ತಿದೆಯೆಂದು ಹುಡುಕುತ್ತ ಹೋದಾಗ ಏರ್ ಕಂಡೀಷನರಿನ ಬ್ಲೋವರ್ ಎಷ್ಟು ಗುಂಯ್‌ಗುಡುತ್ತದೆಂದು ಮೊದಲ ಬಾರಿಗೆ ಗಮನಕ್ಕೆ ಬಂತು. ಸಿಬೇಲಿಯಸ್‌ನ ದಿನ ಕೊನೆಯ ಚಲನೆ ಶುರುವಾಗುವ ಮೊದಲೇ ಅದನ್ನು ನಿಲ್ಲಿಸಲು ಸಭಾಂಗಣದ ಮೇಲ್ವಿಚಾರಕರಿಗೆ ಇಪ್ಪತ್ತು ಡಾಲರ್ ಕೊಟ್ಟು ಒಪ್ಪಿಸಿದೆ. ಆ ಇಪ್ಪತ್ತು ಡಾಲರಿಲ್ಲದಿದ್ದರೆ ನಮ್ಮ ಮೌನವೆಲ್ಲ ಬ್ಲೋವರಿನ ಪಾಲಾಗುತ್ತಿತ್ತು.

ತಂತಿಯ ಸದ್ದು ತಗ್ಗಿಸುವ ಮ್ಯೂಟುಗಳದ್ದು ಸಣ್ಣ ವಿಷಯವೆನಿಸಬಹುದು. ಕೊನೆಯ ಚಲನೆಯ ‘ಮಿಸ್ಟೆರಿಯೋಸೊ’ (ನಿಗೂಢವಾಗಿ) ಭಾಗದಲ್ಲಿ ಮ್ಯೂಟ್ ಹಾಕಿ ಪಿಸುಗುಟ್ಟುವ ಪಿಟೀಲಿನವರು ಅದನ್ನು ತೆಗೆದು ಜೇಬಿಗೆ ಹಾಕಿದರೆ ಅದು ಯಾವ ಕ್ಷಣದಲ್ಲಾದರೂ ನೆಲಕ್ಕೆ ಬೀಳಬಹುದು. ತಂತಿಯ ಮೇಲೆಯೇ ಸರಿಯುವ ರಬ್ಬರಿನ ಮ್ಯೂಟುಗಳನ್ನು ಇಲ್ಲದವರಿಗೆಲ್ಲ ನಾನೇ ಕೊಂಡುಕೊಟ್ಟೆ. ಒಂದಕ್ಕೆ ನಾಲ್ಕೈದು ಡಾಲರ್.

ಕಛೇರಿಯ ಸಂಜೆ ಸುಮಾರು ಮುನ್ನೂರೈವತ್ತು ಜನ ಬಂದಿದ್ದರು. ಮೊದಲನೆಯ ಚಲನೆಯ ನಡುವಿನ ವೇಗದ ತಿರುವಿನಲ್ಲಿ ಚೆಲ್ಲೋ ಸಾಲು ಸ್ವಲ್ಪ ಅಲುಗಿತು, ಎರಡನೆಯ ಚಲನೆ ನಾನು ಬಯಸಿದ್ದಕ್ಕಿಂತ ನಿಧಾನವಾಗಿ ಹೋಯಿತು. ತಡವಾಗಿ ಮುಟ್ಟಿದ ಭಾಗಗಳು ಅಷ್ಟರಮಟ್ಟಿಗೆ ಹಸಿಯಾಗಿಯೇ ಉಳಿದವು, ಅದನ್ನು ಮುಚ್ಚಿಡುವುದಿಲ್ಲ. ಕೊನೆಯ ಚಲನೆಗೆ ಬಂದಾಗ ತಮ್ಮ ಮನೆಯಂಗಳಕ್ಕೆ ಬಂದವರಂತೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತರು. ಟ್ರಂಪೆಟ್ಟುಗಳು ಹಂಸಗಳ ವಸ್ತುವನ್ನು ಎತ್ತಿಕೊಂಡಾಗ ಅವರ ಬಳಿ ಇನ್ನೂ ಉಸಿರಿತ್ತು, ತುಟಿಯಿತ್ತು. ಆರು ಹೊಡೆತಗಳ ನಡುವೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಕೆಮ್ಮಲೂ ಇಲ್ಲ. ಚಪ್ಪಾಳೆಯನ್ನು ತಡೆಯುವುದಕ್ಕೆ ಎಡಗೈಯನ್ನು ಎಲ್ಲಿಡಬೇಕೆಂಬ ಉಪಾಯವೊಂದು ನನ್ನಲ್ಲಿದೆ; ಅದನ್ನು ಎದುರಿಗೆ ನಿಂತು ತೋರಿಸಬಹುದೇ ಹೊರತು ಬರೆದು ತಿಳಿಸಲಾಗದು, ತಿಳಿಸುವ ಇರಾದೆಯೂ ಇಲ್ಲ. ಅಂದು ರಾತ್ರಿ ದೇಣಿಗೆಯ ಪೆಟ್ಟಿಗೆಯಲ್ಲಿ ಸಾವಿರದ ಇನ್ನೂರು ಡಾಲರಿನ ಹತ್ತಿರ ಬಿದ್ದಿತ್ತು, ಎಂದಿನದಕ್ಕಿಂತ ದುಪ್ಪಟ್ಟು. ಖಜಾಂಚಿಯವರು ಐದನೆಯ ಹಾರ್ನಿನ ಸಾಲನ್ನು ಲೆಕ್ಕದ ಪುಸ್ತಕದಲ್ಲಿ ದಂಡದಿಂದ ತೆಗೆದು ವಾದಕರ ಸಂಭಾವನೆಗೆ ಸೇರಿಸಿದರು.

ಮುಂದಿನ ಸೀಸನ್ನಿಗೆ ಬ್ರಾಮ್ಸ್‌ನ ನಾಲ್ಕನೆಯದನ್ನು ಗೊತ್ತುಮಾಡಿದ್ದೇವೆ. ಅದರ ಕೊನೆಯ ಚಲನೆ ಒಂದೇ ವಸ್ತುವನ್ನು ಬದಲಿಸುತ್ತ ಹೋಗುವ ಮೂವತ್ತು ವೇರಿಯೇಷನ್ನುಗಳ ಪಾಸಕಾಲಿಯಾ, ಆಮೇಲೆ ಕೋಡಾ. ಸಿಂಫನಿ ಇ ಮೈನರಿನಲ್ಲೇ ಶುರುವಾಗಿ ಯಾವ ಸಮಾಧಾನವನ್ನೂ ಹೇಳದೆ ಇ ಮೈನರಿನಲ್ಲೇ ಮುಗಿಯುತ್ತದೆ. ಅದರಲ್ಲಿ ಟ್ರೊಂಬೋನುಗಳಿಗೆ ಮೊದಲ ಮೂರು ಚಲನೆಗಳಲ್ಲಿ ಒಂದು ಸ್ವರವೂ ಇಲ್ಲ. ಅರ್ಧ ಗಂಟೆ ತಣ್ಣಗೆ ಕೂತವರು ಕೊನೆಯ ಚಲನೆಯ ಮೊದಲ ಸ್ವರಮೇಳಕ್ಕೇ ಎದ್ದು ಬರಬೇಕು. ಮೂರನೆಯ ಚಲನೆ ನಡೆಯುತ್ತಿರುವಾಗ ಅವರನ್ನು ವೇದಿಕೆಯ ಹಿಂದೆ ಕಳಿಸಿ ತುಟಿ ಬಿಸಿಮಾಡಿಸಿ ಕರೆತರುವುದೋ, ಕೂತಲ್ಲೇ ಬರೀ ಮೌತ್‌ಪೀಸಿನಲ್ಲಿ ಸದ್ದಿಲ್ಲದೆ ಊದಿಸುವುದೋ ಎಂದು ಎರಡನ್ನೂ ಪರೀಕ್ಷಿಸುತ್ತಿದ್ದೇನೆ. ಸೆಟ್ ಗ್ರಂಥಾಲಯದಿಂದ ಪುಕ್ಕಟೆಯಾಗಿ ಸಿಕ್ಕಿದೆ, ಮೊದಲ ರಿಹರ್ಸಲ್ ಕೋಡಾದಿಂದಲೇ ಶುರುವಾಗುತ್ತದೆ. ಈ ಬಾರಿ ಸಮಿತಿಯಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ.