ಅಪರೂಪದ ಗ್ರೀಕ್ ಪದದ ಮೂಲವನ್ನು ಪರೀಕ್ಷಿಸುವ ಬಗೆ

ನಮ್ಮ ಧಾರವಾಡದಲ್ಲಿ ಸಂಬಳಕ್ಕೆ ‘ಪಗಾರ’ ಎನ್ನುತ್ತೇವೆ. ಅದು ಹಣ ಕೊಡುವುದೆಂಬ ಅರ್ಥದ ಪೋರ್ಚುಗೀಸ್ ಪದ ‘ಪಗಾರ್’ನಿಂದ ಬಂದದ್ದೆಂದು ಒಪ್ಪುವುದಕ್ಕೆ ಸದ್ದಿನ ಹೋಲಿಕೆಯೊಂದೇ ಕಾರಣವಲ್ಲ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು, ಕೊಂಕಣಿ ಮರಾಠಿಗಳು ನಡುವೆ ಇದ್ದವು, ಅರ್ಥವೂ ಹಣ ಕೊಡುವುದಕ್ಕೇ ಸೇರಿದ್ದು. ಪ್ರಾಚೀನ ಗ್ರೀಕ್ ಪದವೊಂದರ ಮೂಲ ಇಂಥದ್ದೆಂದು ಯಾರಾದರೂ ಹೇಳಿದಾಗಲೂ ಸದ್ದು, ಅರ್ಥ, ದಾರಿ ಈ ಮೂರನ್ನೂ ಕೇಳಬೇಕು.

ಅದಕ್ಕೂ ಮೊದಲು ಆ ಪದ ನಿಜವಾಗಿ ಇತ್ತೇ ಎಂದು ನೋಡಿಕೊಳ್ಳಿ. ಎಷ್ಟೋ ಅಪರೂಪದ ಪದಗಳು ಅಲೆಕ್ಸಾಂಡ್ರಿಯದ ಹೆಸೀಕಿಯಸ್‌ನ ನಿಘಂಟಿನಲ್ಲಿ ಮಾತ್ರ ಸಿಗುತ್ತವೆ, ಆ ನಿಘಂಟಾದರೂ 15ನೆಯ ಶತಮಾನದ ಒಂದೇ ಹಸ್ತಪ್ರತಿಯಲ್ಲಿ ವೆನಿಸ್‌ನಲ್ಲಿ ಉಳಿದಿದೆ. ಗ್ರೀಕಿನ ದೊಡ್ಡಕ್ಷರಗಳಲ್ಲಿ ಆಲ್ಫಾ, ಡೆಲ್ಟಾ, ಲಾಂಬ್ಡಾ ಮೂರೂ ತ್ರಿಕೋನದಂತೆಯೇ ಕಾಣುತ್ತವೆ. ಅಡ್ಡಗೆರೆಯೊಂದು ಮಾಸಿದರೆ ಸಾಕು, ಯಾರೂ ಆಡದ ಪದವೊಂದು ಹುಟ್ಟಿಬಿಡುತ್ತದೆ. ಪದವು ತನ್ನ ಅಕಾರಾದಿ ಸ್ಥಾನದಲ್ಲಿ ಇಲ್ಲದಿದ್ದರೆ ಲಿಪಿಕಾರನ ತಪ್ಪನ್ನು ಶಂಕಿಸಿ.

ಪದ ಗಟ್ಟಿಯಾದ ಮೇಲೆ ಅದರ ಬಾಲವನ್ನು ನೋಡಿ. ಹೋಮರನಲ್ಲಿ ಸ್ನಾನದ ತೊಟ್ಟಿಗೆ ‘ಅಸಾಮಿಂಥೋಸ್’ ಎಂಬ ಪದವಿದೆ. ಕೊರಿಂಥೋಸ್ ಎಂಬ ಊರು, ಲಾಬ್ಯುರಿಂಥೋಸ್ ಎಂಬ ಚಕ್ರವ್ಯೂಹ, ಇವುಗಳ ಕೊನೆಯೂ ಅದೇ ‘ಇಂಥೋಸ್’. ಗ್ರೀಕಿನ ಸ್ವಂತ ಧಾತುಗಳಿಂದ ಇದನ್ನು ವಿವರಿಸಲಾಗದು. ಹೋಮರನಿಗೂ ಹಿಂದೆ ಗ್ರೀಕನ್ನು ಬರೆಯುತ್ತಿದ್ದ, 1952ರಲ್ಲಿ ಮೈಕೆಲ್ ವೆಂಟ್ರಿಸ್ ಬಿಡಿಸಿ ಓದಿದ ಲೀನಿಯರ್ ಬಿ ಲಿಪಿಯಲ್ಲಿ, ಕ್ರೀಟ್ ದ್ವೀಪದ ಕ್ನೋಸೋಸ್‌ನಲ್ಲಿ ಸಿಕ್ಕ ಬರಹದಲ್ಲಿಯೂ ಈ ಪದವಿದೆ. ಅಂದರೆ ಅದು ಹೋಮರನಿಗಿಂತ ಹಳೆಯದು, ಬಹುಶಃ ಗ್ರೀಕಿಗಿಂತ ಮುಂಚೆ ಅಲ್ಲಿದ್ದ ನುಡಿಯದು. ಆ ನುಡಿ ಯಾವುದೆಂದು ಹೆಸರಿಡಲು ಹೋಗಬೇಡಿ.

ಕನ್ನಡಿಗರಾದ ನಮಗೆ ಹೆಚ್ಚಿನ ಎಚ್ಚರ ಬೇಕಾದದ್ದು ಆಕ್ಸಿರಿಂಕಸ್‌ನ ಪ್ರಹಸನದ ವಿಷಯದಲ್ಲಿ. ಈಜಿಪ್ಟಿನಲ್ಲಿ ಸಿಕ್ಕ ಆ ಪ್ರಾಚೀನ ಗ್ರೀಕ್ ಪಪೈರಸ್‌ನಲ್ಲಿ, ಅಂದರೆ ಜೊಂಡಿನ ಹಾಳೆಯ ಬರಹದಲ್ಲಿ, ಭಾರತೀಯ ಪಾತ್ರಗಳು ಆಡುವ ಅರ್ಥವಾಗದ ಮಾತು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಟ್ಶ್ 1904ರಲ್ಲಿ ಸೂಚಿಸಿದರು. ವಾದ ಇನ್ನೂ ತೀರಿಲ್ಲ. ಪದಗಳ ನಡುವೆ ತೆರಪಿಲ್ಲದ ಬರಹವನ್ನು ಬೇಕಾದಲ್ಲಿ ಕತ್ತರಿಸಿದರೆ ಯಾವ ಭಾಷೆಯಾದರೂ ಹೊರಡುತ್ತದೆ. ಆದ್ದರಿಂದ ಇಂದಿನ ಕನ್ನಡವನ್ನು ಅದರ ಪಕ್ಕದಲ್ಲಿಡಬೇಡಿ. ನಮ್ಮ ‘ಹಾಲು’ ಹಳಗನ್ನಡದಲ್ಲಿ ‘ಪಾಲ್’ ಆಗಿತ್ತು. ಹಕಾರದಿಂದ ಶುರುವಾಗುವ ಇಂಥ ಪದವನ್ನು ಅಷ್ಟು ಹಳೆಯ ಬರಹದಲ್ಲಿ ಕಂಡೆನೆಂಬ ವಾದವನ್ನು ಅಲ್ಲಿಯೇ ಕೈಬಿಡಬಹುದು. ಪಕಾರದ ರೂಪವೇ ಸಿಕ್ಕರೂ ಅರ್ಥ ಸಂದರ್ಭಕ್ಕೆ ಹೊಂದದಿದ್ದರೆ, ನಿಮ್ಮ ಟಿಪ್ಪಣಿಯಲ್ಲಿ ‘ಮೂಲ ತಿಳಿಯದು’ ಎಂದೇ ಬರೆದು, ಅದರ ಕೆಳಗೆ ನೀವು ತಳ್ಳಿಹಾಕಿದ ಊಹೆಗಳನ್ನೂ ಕಾರಣಸಹಿತ ನಮೂದಿಸಿ.