ಬರೆಯದೆ ಉಳಿದ ಸ್ಟೆಪ್‌ಗಳು: ನನ್ನ ಅನುಭವ

ಪತ್ತಿನ ಸಹಕಾರ ಸಂಘಗಳ ಸಾಲದ ಲೆಕ್ಕ ನೋಡಿಕೊಳ್ಳುವ ತಂತ್ರಾಂಶವೊಂದರ ಪರೀಕ್ಷೆಯ ಹೊಣೆ ನನ್ನ ಮೇಲಿದ್ದಾಗ, ಅವಧಿಗೆ ಮುನ್ನವೇ ಸಾಲ ತೀರಿಸುವವರಿಗೆ ಬಡ್ಡಿಯನ್ನು ತಪ್ಪಾಗಿ ಹಾಕುವ ದೋಷವೊಂದು ನಮ್ಮ ಕಣ್ತಪ್ಪಿಸಿ ಸಂಘದ ಕೌಂಟರಿನವರೆಗೂ ಹೋಯಿತು. ಅದೇ ಸಂದರ್ಭಕ್ಕೆಂದು ಬರೆದ ಸಿನಾರಿಯೊ, ಅಂದರೆ ಪರೀಕ್ಷೆಯ ಸನ್ನಿವೇಶ, ನಮ್ಮ ಫೀಚರ್ ಫೈಲಿನಲ್ಲಿ (ಇಂಥ ಸನ್ನಿವೇಶಗಳನ್ನು ಸಾಮಾನ್ಯ ಮಾತಿನಲ್ಲಿ ಬರೆದಿಡುವ ಕಡತದಲ್ಲಿ) ಇತ್ತು ಮತ್ತು ವಾಕ್ಯರೂಪದ ಅದರ ಐದೂ ಸ್ಟೆಪ್‌ಗಳು ವರದಿಯಲ್ಲಿ ಹಸಿರಾಗಿದ್ದವು. ಕೋಡ್ ತೆರೆದು ನೋಡಿದರೆ, ಬಡ್ಡಿಯ ಮೊತ್ತವನ್ನು ತಾಳೆ ನೋಡಬೇಕಾಗಿದ್ದ ಕೊನೆಯ ಸ್ಟೆಪ್‌ನ ಮೆಥಡ್ (ಆ ವಾಕ್ಯ ಹೇಳಿದ್ದನ್ನು ಮಾಡುವ ಕೋಡ್) ಪೂರ್ತಿ ಖಾಲಿಯಾಗಿತ್ತು.

ನಾವು ಬಳಸುತ್ತಿದ್ದುದು, ಇಂಥ ವಾಕ್ಯಗಳನ್ನು ಓದಿ ಅವುಗಳ ಮೆಥಡ್ಡನ್ನು ಓಡಿಸುವ ಪರೀಕ್ಷಾ ಸಾಧನವಾದ ಕುಕುಂಬರ್‌ನ ಜಾವಾ ರೂಪ. ಫೀಚರ್ ಫೈಲಿನ ವಾಕ್ಯಕ್ಕೆ ಹೊಂದುವ ಮೆಥಡ್ ಸಿಗದಿದ್ದರೆ ಕುಕುಂಬರ್ ಆ ಸ್ಟೆಪ್ಪನ್ನು ಅನ್‌ಡಿಫೈನ್ಡ್ ಎಂದು ತೋರಿಸಿ, ಅದರ ಮುಂದಿನ ಸ್ಟೆಪ್‌ಗಳನ್ನು ಸ್ಕಿಪ್ ಮಾಡಿ, ನಕಲಿಸಿಕೊಳ್ಳಲು ಒಂದು ತುಣುಕು ಕೋಡ್ ಕೊಡುತ್ತದೆ. ಆ ತುಣುಕಿನೊಳಗೆ ಪೆಂಡಿಂಗ್ ಎಕ್ಸೆಪ್ಶನ್ (ಕೆಲಸವನ್ನು ಅಲ್ಲೇ ತಡೆಯುವ ಸಂಕೇತ) ಎಸೆಯುವ ಸಾಲೊಂದು ಇರುತ್ತದೆ. ಮೆಥಡ್ ಸಿಕ್ಕಿದೆ, ಆದರೆ ಕೆಲಸ ಬಾಕಿ ಇದೆ ಎಂಬುದನ್ನು ಹೇಳುವುದು ಆ ಸಾಲೇ. ಬಿಡುಗಡೆಯ ಅವಸರದಲ್ಲಿ ವರದಿಯ ಹಳದಿ ಬಣ್ಣ ಕಾಣದಿರಲೆಂದು ನಮ್ಮ ತಂಡದಲ್ಲಿ ಯಾರೋ ಅದನ್ನು ಅಳಿಸಿದ್ದರು. ಏನನ್ನೂ ಮಾಡದ ಮೆಥಡ್ ಎಕ್ಸೆಪ್ಶನ್ ಎಸೆಯದ ಕಾರಣ ಕುಕುಂಬರ್ ಅದನ್ನು ತೇರ್ಗಡೆಯಾಯಿತೆಂದೇ ಎಣಿಸುತ್ತದೆ. ಅನ್‌ಡಿಫೈನ್ಡ್ ಆಗಲಿ ಪೆಂಡಿಂಗ್ ಆಗಲಿ ತನ್ನ ಅಪೂರ್ಣತೆಯನ್ನು ತಾನೇ ಹೇಳಿಕೊಳ್ಳುತ್ತದೆ, ಖಾಲಿ ಮೆಥಡ್ ಅದನ್ನು ಮುಚ್ಚಿಡುತ್ತದೆ. ಆದ್ದರಿಂದ ನಾನು ಮೊದಲು ಮಾಡಿದ ಕೆಲಸವೆಂದರೆ ಎಲ್ಲ ಸ್ಟೆಪ್ ಮೆಥಡ್‌ಗಳನ್ನೂ ಒಂದೊಂದಾಗಿ ಓದಿ, ಖಾಲಿ ಇದ್ದ ಪ್ರತಿಯೊಂದಕ್ಕೂ ಪೆಂಡಿಂಗ್ ಸಾಲನ್ನು ಮರಳಿ ಸೇರಿಸಿದ್ದು. ಅಂದು ಸಂಜೆಯ ವರದಿಯಲ್ಲಿ ಹಸಿರು ಗಣನೀಯವಾಗಿ ಕಡಿಮೆಯಾಯಿತು. ಅದನ್ನು ವ್ಯವಸ್ಥಾಪಕರಿಗೆ ವಿವರಿಸುವುದು ಸುಲಭವಾಗಿರಲಿಲ್ಲ.

ಎರಡನೆಯ ತೊಂದರೆ ನಮ್ಮ ಹಳೆಯ ಆವೃತ್ತಿಯದು. 6ನೇ ಆವೃತ್ತಿಗೆ ಮುಂಚಿನ ಕುಕುಂಬರ್ ಜಾವಾದಲ್ಲಿ ಅಪೂರ್ಣ ಸ್ಟೆಪ್ಪನ್ನೂ ವೈಫಲ್ಯವೆಂದೇ ಎಣಿಸುವ ಸ್ಟ್ರಿಕ್ಟ್ ಆಯ್ಕೆ ತಾನಾಗಿ ಜಾರಿಯಲ್ಲಿರುತ್ತಿರಲಿಲ್ಲ. ಆದ್ದರಿಂದ ಪೆಂಡಿಂಗ್ ಮತ್ತು ಅನ್‌ಡಿಫೈನ್ಡ್ ಸ್ಟೆಪ್‌ಗಳಿದ್ದರೂ ಬಿಲ್ಡ್ (ಕೋಡನ್ನು ಜೋಡಿಸಿ ಪರೀಕ್ಷಿಸುವ ಓಟ) ಮುರಿಯುತ್ತಿರಲಿಲ್ಲ. ಮೊದಲು ಆ ಆಯ್ಕೆಯನ್ನು ನಾವೇ ಜಾರಿಗೆ ತಂದೆವು, ಆಮೇಲೆ ಆವೃತ್ತಿಯನ್ನೇ ಮೇಲೇರಿಸಿದೆವು. ಅಪೂರ್ಣ ಸ್ಟೆಪ್ಪುಗಳನ್ನು ಹಿಡಿಯಲು ಡ್ರೈ ರನ್ ಒಂದೇ ಸಾಕೆಂದು ಆರಂಭದಲ್ಲಿ ನಂಬಿದ್ದು ನನ್ನ ತಪ್ಪು. ಡ್ರೈ ರನ್ ವಾಕ್ಯಕ್ಕೂ ಮೆಥಡ್‌ಗೂ ಜೋಡಿ ಕೂಡುತ್ತದೆಯೇ ಎಂಬುದನ್ನಷ್ಟೇ ನೋಡುತ್ತದೆ, ಮೆಥಡ್ಡನ್ನು ಓಡಿಸುವುದಿಲ್ಲ. ಹಾಗಾಗಿ ಅನ್‌ಡಿಫೈನ್ಡ್ ಸ್ಟೆಪ್‌ಗಳು ಅದರಲ್ಲಿ ಸಿಕ್ಕಿಬೀಳುತ್ತವೆಯೇ ಹೊರತು ಪೆಂಡಿಂಗ್ ಇರುವವು ಸಿಕ್ಕುವುದಿಲ್ಲ.

ಅನ್‌ಡಿಫೈನ್ಡ್ ಎಂದು ಬಂದದ್ದೆಲ್ಲ ಬರೆಯದೇ ಉಳಿದದ್ದೂ ಅಲ್ಲ. ಸಂಘದ ಅಧಿಕಾರಿಗಳು ಓದಲಿ ಎಂದು ಕೆಲವು ಫೀಚರ್ ಫೈಲುಗಳನ್ನು ನಾವು ಕನ್ನಡದಲ್ಲೇ ಬರೆದಿದ್ದೆವು. ಫೈಲಿನ ಮೊದಲ ಸಾಲಿನಲ್ಲಿ ಭಾಷೆಯನ್ನು ಸೂಚಿಸಿದರೆ, ಫೀಚರ್ ಫೈಲಿನ ಬರವಣಿಗೆಯ ರೂಪವಾದ ಗರ್ಕಿನ್, ಇಂಗ್ಲಿಷಿನ ಗಿವನ್, ವೆನ್, ದೆನ್ ಬದಲಿಗೆ ‘ನೀಡಿದ’, ‘ಸ್ಥಿತಿಯನ್ನು’, ‘ನಂತರ’ ಎಂಬ ಕನ್ನಡ ಪದಗಳನ್ನು ಒಪ್ಪುತ್ತದೆ. ಅವು ವಾಕ್ಯದ ಮೊದಲಿಗೆ ಬರುವುದರಿಂದ ಕನ್ನಡದ ಓಟಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅವುಗಳ ಬದಲು ನಕ್ಷತ್ರ ಚಿಹ್ನೆ ಹಾಕಿದಾಗ ವಾಕ್ಯಗಳು ಹೆಚ್ಚು ಸಹಜವಾದವು. ಒಬ್ಬರು ‘ಸಾಲಗಾರನ’ ಎಂದೂ ಇನ್ನೊಬ್ಬರು ‘ಸಾಲಗಾರರ’ ಎಂದೂ ಬರೆದರೆ, ಇರುವ ಮೆಥಡ್ಡೇ ಕಾಣದೆ ಹೊಸ ತುಣುಕು ಹುಟ್ಟುತ್ತಿತ್ತು. ಮೊತ್ತವನ್ನು 1,00,000 ಎಂದು ಅಲ್ಪವಿರಾಮ ಸೇರಿಸಿ ಬರೆದಾಗಲೂ ಹೀಗೆಯೇ ಆಯಿತು, ಏಕೆಂದರೆ ಪೂರ್ಣಾಂಕಕ್ಕಿರುವ ‘ಇಂಟ್’ ಗುರುತು ಅಂಕಿಗಳನ್ನು ಒಪ್ಪುತ್ತದೆ, ಅಲ್ಪವಿರಾಮವನ್ನಲ್ಲ. ಕೊಟ್ಟ ತುಣುಕನ್ನು ನಕಲಿಸುವ ಮುನ್ನ ಅದೇ ಅರ್ಥದ ಮೆಥಡ್ ಆಗಲೇ ಇದೆಯೇ ಎಂದು ಹುಡುಕುವುದನ್ನು ಅಂದಿನಿಂದ ನಾನು ರೂಢಿಸಿಕೊಂಡೆ.

ಸ್ಟ್ರಿಕ್ಟ್ ಬಂದ ಮೇಲೆ ಅರ್ಧಂಬರ್ಧ ಸಿನಾರಿಯೊಗಳು ಎಲ್ಲರ ಬಿಲ್ಡನ್ನೂ ಮುರಿಯತೊಡಗಿದವು. ಅವುಗಳಿಗೆ ‘ವಿಪ್’ (ಕೆಲಸ ಇನ್ನೂ ನಡೆಯುತ್ತಿದೆ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಟ್ಯಾಗ್ ಹಚ್ಚಿ, ಮುಖ್ಯ ಓಟದಿಂದ ಹೊರಗಿಟ್ಟು, ರಾತ್ರಿ ಬೇರೆಯಾಗಿ ಕಮಾಂಡ್ ಲೈನಿನಿಂದ ಓಡಿಸಿದೆವು. ಆ ಎರಡನೆಯ ಓಟಕ್ಕೆ ಕುಕುಂಬರ್‌ನದೇ ವಿಪ್ ಆಯ್ಕೆಯನ್ನು ಕೊಟ್ಟಿದ್ದೆವು: ಅದರಲ್ಲಿ ಯಾವುದಾದರೂ ಸಿನಾರಿಯೊ ತೇರ್ಗಡೆಯಾದರೆ ಓಟವೇ ವಿಫಲವಾಗುತ್ತದೆ. ಪೂರ್ಣಗೊಂಡ ಸಿನಾರಿಯೊ ಟ್ಯಾಗಿನಡಿ ಮರೆತುಹೋಗದಂತೆ ಇದು ಕಾಯುತ್ತದೆ. ಇಷ್ಟು ಉಪಯುಕ್ತವಾದ ಆಯ್ಕೆಯನ್ನು ಬಹಳ ತಂಡಗಳು ಬಳಸದಿರುವುದು ನನಗೆ ಬೇಸರ ತರುತ್ತದೆ. ಪೆಂಡಿಂಗ್ ಸಾಲಿನಲ್ಲಿ ಸಂದೇಶವನ್ನೂ ಬರೆಯಬಹುದಾದ್ದರಿಂದ, ಏಕೆ ಬಾಕಿ, ಯಾರ ಉತ್ತರಕ್ಕೆ ಕಾಯುತ್ತಿದ್ದೇವೆ ಎಂಬುದನ್ನು ಅಲ್ಲಿಯೇ ದಾಖಲಿಸಬೇಕೆಂದು ಒಪ್ಪಂದ ಮಾಡಿಕೊಂಡೆವು.

ಆ ಸಂದೇಶಗಳನ್ನು ಒಟ್ಟಿಗೆ ಓದಿದಾಗ, ಬಹುಪಾಲು ಬಾಕಿಗೆ ಕಾರಣ ಕೋಡ್ ಬರೆಯಲು ಸಮಯವಿಲ್ಲದ್ದಲ್ಲ, ನಿಯಮವೇ ನಮಗೆ ಗೊತ್ತಿಲ್ಲದ್ದು ಎಂಬುದು ಸ್ಪಷ್ಟವಾಯಿತು. ಬಡ್ಡಿಯ ಆ ಖಾಲಿ ಸ್ಟೆಪ್ ಕೂಡ ಹಾಗೆಯೇ ಉಳಿದಿತ್ತು: ಸಾಲ ತೀರಿಸಿದ ದಿನದ ಬಡ್ಡಿಯನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ಯಾರೂ ಕೇಳಿರಲಿಲ್ಲ. ನಾನು ಸಂಘದ ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಸಿನಾರಿಯೊವನ್ನು ಓದಿ ಹೇಳಿದೆ. ‘ಆ ದಿನದ್ದು ಹಿಡಿಯುವುದಿಲ್ಲ ಮೇಡಂ, ಹಿಂದಿನ ದಿನದವರೆಗೆ ಮಾತ್ರ’ ಎಂದು ಅವರು ಕೂಡಲೇ ಉತ್ತರಿಸಿದರು. ಪೆಂಡಿಂಗ್ ಸಾಲನ್ನು ತೆಗೆದು ಆ ನಿಯಮದಂತೆ ಪರೀಕ್ಷೆಯನ್ನು ಬರೆದಾಗ ಸಿನಾರಿಯೊ ಕೆಂಪಾಯಿತು, ಮತ್ತು ಮರುದಿನ ಮಧ್ಯಾಹ್ನದೊಳಗೆ ಲೆಕ್ಕದ ಕೋಡ್ ಸರಿಹೋಯಿತು.