ಕೆಎ-32 ನಂಬರ್ ಪ್ಲೇಟ್ ಹಿಡಿದು ಸಂಭವನೀಯತೆ ಕಲಿಸಿದ್ದು

ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುವಾಗ ಅಂಗಿ-ಪ್ಯಾಂಟಿನ ಲೆಕ್ಕ ನಾನು ಕೈಬಿಟ್ಟಿದ್ದೇನೆ. ಮೂರು ಅಂಗಿ, ಎರಡು ಪ್ಯಾಂಟು, ಆರು ಜೋಡಿ. ಬೆರಳಲ್ಲೇ ಎಣಿಸಿ ಮುಗಿಸುತ್ತಾರೆ. ಹಾಗಿದ್ದ ಮೇಲೆ ಗುಣಾಕಾರ ಯಾಕೆ ಬೇಕು? ಎಣಿಸಿ ಮುಗಿಯದಂಥದ್ದು ಬೇಕಿತ್ತು. ಕಲಬುರಗಿ ರಸ್ತೆಯಲ್ಲಿ ಅದು ಬೇಕಾದಷ್ಟು ಓಡಾಡುತ್ತದೆ.

ಇಲ್ಲಿನ ಗಾಡಿ ನಂಬರ್ ಕೆಎ-32ರಿಂದ ಶುರು. ಆಮೇಲೆ ಸಾಮಾನ್ಯವಾಗಿ ಎರಡು ಅಕ್ಷರ, ಕೊನೆಗೆ ನಾಲ್ಕು ಅಂಕಿ. (ಸಾರಿಗೆ ಬಸ್ಸಿಗೆ ಎಫ್ ಒಂದೇ.) ಐ, ಓ ಬಳಸುವುದಿಲ್ಲ, 1, 0 ಅಂತ ಓದಿಬಿಡುವ ಭಯ. ಹಾಗಾಗಿ ಅಕ್ಷರದ ಜೋಡಿ 24 × 24 = 576. ಅಂಕಿಗಳು 0001ರಿಂದ 9999. ಗುಣಿಸಿದರೆ 57,59,424. ಇದು ಕಾಗದದ ಲೆಕ್ಕ, ಎಲ್ಲ ಜೋಡಿಯೂ ಬಳಕೆಗೆ ಬರುವುದಿಲ್ಲ.

ನಿಜವಾದ ಪಾಠ ಇನ್ನು ಮುಂದೆ. ಅಕ್ಷರ ಬಿಡಿ. ಜಗತ್ ಸರ್ಕಲ್‌ನಲ್ಲಿ ನಿಂತಿದ್ದೀರಿ. ಮುಂದೆ ಬರುವ ಗಾಡಿಯ ನಾಲ್ಕು ಅಂಕಿಯಲ್ಲಿ ಯಾವುದಾದರೂ ಒಂದು ಮತ್ತೆ ಬಂದಿರುವ ಸಂಭವ ಎಷ್ಟು? ಹೆಚ್ಚಿನವರು ಹತ್ತರಲ್ಲಿ ಎರಡೋ ಮೂರೋ ಅನ್ನುತ್ತಾರೆ. ನೇರವಾಗಿ ಎಣಿಸಲು ಹೊರಟರೆ ಒಂದು ಜೋಡಿ, ಎರಡು ಜೋಡಿ, ಮೂರು ಒಂದೇ, ನಾಲ್ಕೂ ಒಂದೇ ಅಂತ ತಲೆ ಕೆಡುತ್ತದೆ. ಉಲ್ಟಾ ಹೋಗಿ ಅನ್ನುತ್ತೇನೆ. ಯಾವ ಅಂಕಿಯೂ ಮತ್ತೆ ಬರದ ನಂಬರ್ ಎಷ್ಟು? ಮೊದಲ ಜಾಗಕ್ಕೆ 10 ಆಯ್ಕೆ, ಆಮೇಲೆ 9, 8, 7. ಗುಣಿಸಿದರೆ 5040. ಉಳಿದ 4959ರಲ್ಲಿ ಅಂಕಿ ಮತ್ತೆ ಬಂದೇ ಬಂದಿದೆ. ಹೆಚ್ಚುಕಡಿಮೆ ಅರ್ಧಕ್ಕರ್ಧ!

‘ಅಷ್ಟು ಹೆಂಗ ಆಗ್ತದ್ರಿ ಸರ್?’ ಅಂತ ಒಬ್ಬ ಕೇಳಿಯೇ ಕೇಳುತ್ತಾನೆ. ಮನೆಗೆ ಹೋಗುವಾಗ ಕಂಡ ಗಾಡಿಗಳನ್ನೆಲ್ಲ ಬರೆದುಕೊಂಡು ಬಾ ಅನ್ನುತ್ತೇನೆ. ಬರೆದು ತಂದ ಪಟ್ಟಿ ಅರ್ಧದ ಆಸುಪಾಸಲ್ಲೇ ನಿಲ್ಲುತ್ತದೆ. ಪಟ್ಟಿ ಚಿಕ್ಕದಾದರೆ ಆಚೀಚೆ ಜಾಸ್ತಿ.

ನನಗೆ ಇಷ್ಟವಾದ ಪ್ರಶ್ನೆ ಒಂದು ಹುಡುಗಿಯದು. ಸೊನ್ನೆಯಿಂದ ಶುರುವಾಗುವ ನಂಬರ್ ತೆಗೆದುಹಾಕಿದರೆ? ಆಗ 9 × 9 × 8 × 7 = 4536, ಒಟ್ಟು 9000. ಭಾಗಿಸಿ ನೋಡಿ, 0.504. ಮೊದಲಿನದೂ 0000 ಸೇರಿಸಿಕೊಂಡರೆ 5040/10000, ಅದೇ 0.504. ಕಾರಣ ಸುಲಭ. ಮೊದಲ ಅಂಕಿ ಏನಾದರೂ ಇರಲಿ, ಅದಕ್ಕೆ ತಕರಾರಿಲ್ಲ. ಮುಂದಿನದು ಅದನ್ನು ತಪ್ಪಿಸುವ ಸಂಭವ 9/10, ಆಮೇಲೆ 8/10, 7/10. ಎಣಿಕೆಯೇ ಬೇಡ, ಭಿನ್ನರಾಶಿಗಳನ್ನೇ ಗುಣಿಸಿದರೆ ಸಾಕು. ಈ ದಾರಿಯನ್ನು ಮೊದಲೇ ಹೇಳಿಕೊಡಬಾರದು. ಹೇಳಿದರೆ ಮಕ್ಕಳು ಸುಮ್ನೆ ಸೂತ್ರ ಬಾಯಿಪಾಠ ಮಾಡುತ್ತಾರೆ.

ಫ್ಯಾನ್ಸಿ ನಂಬರಿಗೆ ದುಡ್ಡು ಕೊಡುತ್ತಾರಲ್ಲ, ಲೆಕ್ಕ ಕೆಡುವುದಿಲ್ವಾ ಎಂದೂ ಕೇಳುತ್ತಾರೆ. ಒಂದು ಸರಣಿಯಲ್ಲಿ 9999 ಇರುವುದು ಒಂದೇ. ಯಾರು ಎಷ್ಟು ಕೊಟ್ಟು ಕೊಂಡರೂ ಅದು ಒಂದೇ ಗಾಡಿಯ ಮೇಲೆ. ಸರಣಿ ಪೂರ್ತಿ ಹಂಚಿಹೋದರೆ ಪಾಲು ಬದಲಾಗುವುದಿಲ್ಲ. ಇನ್ನು ಜನ ಹುಡುಕಿ ಪಡೆಯುವ 0786ರಲ್ಲಿ ಯಾವ ಅಂಕಿಯೂ ಮತ್ತೆ ಬರುವುದೇ ಇಲ್ಲ, ನೋಡಿ.